ಪ್ರಾಚಾರ್ಯರ ಅನುಕೂಲದ ವೇಳೆ

ಹೋದ ತಿಂಗಳು ಗದಗಿನ ಬಸ್ ನಿಲ್ದಾಣದಲ್ಲಿ ಲಕ್ಷ್ಮೇಶ್ವರದ ಬಸ್ಸಿಗಾಗಿ ನಿಂತಿದ್ದೆ. ಬೆಳಗಿನಿಂದ ಮಳೆ ಬಿಟ್ಟು ಬಿಟ್ಟು ಬಂದಿತ್ತು. ಹಳ್ಳಿಗಳಿಂದ ಬಂದ ಬಸ್ಸುಗಳ ಗಾಲಿಗೆಲ್ಲ ಎರೆಮಣ್ಣು ಮೆತ್ತಿಕೊಂಡಿತ್ತು. ಬಿಸಿ ಟಯರಿನ ಮೇಲೆ ಆ ಮಣ್ಣು ಒಣಗುವಾಗ ಒಂದು ವಾಸನೆ ಬರುತ್ತದೆ. ಪೂರ್ತಿ ಸುಟ್ಟದ್ದೂ ಅಲ್ಲ, ಪೂರ್ತಿ ಹಸಿಯೂ ಅಲ್ಲ. ಅಷ್ಟರಲ್ಲಿ ನಾಲ್ಕೈದು ಕಾಲೇಜು ಹುಡುಗಿಯರು ಪುಸ್ತಕಗಳನ್ನು ಎದೆಗವಚಿಕೊಂಡು ಓಡುತ್ತ ಬಂದರು. ಕಂಡಕ್ಟರ್ ಆಗಲೇ ಸೀಟಿ ಊದಿದ್ದ. ಮುಂದಿದ್ದವಳು ಬಾಗಿಲ ಸರಳು ಹಿಡಿದು, "ಒಂದ್ ನಿಮಿಷ ಅಣ್ಣಾರ, ಇನ್ನೊಬ್ಬಾಕಿ ಬರಾಕತ್ತಾಳ್ರಿ" ಎಂದಳು. "ನಿಮ್ದು ದಿನಾ ಒಂದ್ ನಿಮಿಷ ಇರ್ತೈತಿ ನೋಡವ್ವ" ಎಂದು ಕಂಡಕ್ಟರ್ ಗೊಣಗಿದ. ಆದರೂ ಬಸ್ ನಿಲ್ಲಿಸಿದ. ಕಿಟಕಿಯ ಪಕ್ಕದಲ್ಲಿ ಕುಳಿತ ಮೇಲೆ ನನಗೆ ಜೈತುನಬಿಯ ನೆನಪಾಯಿತು. ಅವಳನ್ನು ವಿದ್ಯಾರ್ಥಿ ಸಂಘದಿಂದ ತೆಗೆದ ವರ್ಷದ ನೆನಪಾಯಿತು.

ಅದು ಧಾರವಾಡದಿಂದ ಬೇರೆಯಾಗಿ ನಮ್ಮ ಜಿಲ್ಲೆ ಆದ ಮರುವರ್ಷ. ಊರಿನಲ್ಲಿ ಎಲ್ಲಿ ಹೋದರೂ ಹೊಸ ಬಣ್ಣದ ವಾಸನೆ. ಬಾಡಿಗೆ ಮನೆಗಳಿಗೆ ಒಂದೊಂದೇ ಕಚೇರಿ ಬಂದು ಕೂರುತ್ತಿತ್ತು. ಫಲಕ ಬರೆಯುವವರಿಗೆ ಪುರುಸೊತ್ತು ಇರಲಿಲ್ಲ. ಒಂದು ಸಹಿಗಾಗಿ ಬುತ್ತಿ ಕಟ್ಟಿಕೊಂಡು ಧಾರವಾಡದ ಗಾಡಿ ಹತ್ತುತ್ತಿದ್ದ ಜನ ಈಗ ಸೈಕಲ್ಲಿನ ಮೇಲೆ ಹೋಗಿ ಸಾಹೇಬರನ್ನು ಕಂಡು ಬರುತ್ತಿದ್ದರು. ಆದರೆ ಕಾಗದ ಬರೆಯುವಾಗ ಮಾತ್ರ ಕೈ ತಾನಾಗಿ 'ಧಾರವಾಡ' ಎಂದೇ ಬರೆಯುತ್ತಿತ್ತು. ನಾನೇ ಎಷ್ಟೋ ಸಲ ಹಾಗೆ ಬರೆದು ಕಾಟು ಹಾಕಿದ್ದೇನೆ.

ನಾನು ಆಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಬೆಳಿಗ್ಗೆ ಆರರಿಂದ ಒಂಬತ್ತೂವರೆಯ ತನಕ ಊರಿನ ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಸಂಪಾದಕರು ಮಾತು ಕಡಿಮೆಯ ಮನುಷ್ಯ. ಕಂಡದ್ದನ್ನು ಕಂಡಂತೆ ಬರೆಯಬೇಕು, ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯಬೇಕು, ಉಳಿದದ್ದನ್ನು ಬಿಡಬೇಕು ಎಂದು ಮೊದಲ ದಿನವೇ ಹೇಳಿದ್ದರು. ಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ, ಅಕ್ಷರ ದುಂಡಗಿದೆ ಎಂಬ ಎರಡು ಕಾರಣಕ್ಕೆ ಕಾಲೇಜಿನಲ್ಲಿ ನನ್ನನ್ನು ಸಂಘದ ಜಂಟಿ ಕಾರ್ಯದರ್ಶಿ ಮಾಡಿದ್ದರು. ಸಭೆಗಳ ಠರಾವು ಪುಸ್ತಕ ಬರೆಯುವುದು ನನ್ನ ಕೆಲಸ.

ಸಂಘದಲ್ಲಿ ಒಂಬತ್ತು ಜನ. ಆರು ಮಂದಿ ತರಗತಿ ಪ್ರತಿನಿಧಿಗಳು, ಹುಡುಗಿಯರ ಪರವಾಗಿ ಒಬ್ಬ ಮಹಿಳಾ ಪ್ರತಿನಿಧಿ, ನಾನು, ಮತ್ತು ಪ್ರಧಾನ ಕಾರ್ಯದರ್ಶಿ ಪ್ರಕಾಶ. ಪ್ರಕಾಶ ನನ್ನ ಗೆಳೆಯ, ಬೆಟಗೇರಿಯವನು. ಮನೆಯಲ್ಲಿ ಎರಡು ಕೈಮಗ್ಗಗಳಿದ್ದವು, ಸೀರೆ ನೇಯುತ್ತಿದ್ದರು. "ಮಗ್ಗದ ಸಪ್ಪಳದಾಗ ಮಾತಾಡಿ ಮಾತಾಡಿ ನನ್ನ ಗಂಟಲು ಮೈಕ್ ಆಗೇತಿ" ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಆ ಗಂಟಲಿನಿಂದಲೇ ಚುನಾವಣೆ ಗೆದ್ದಿದ್ದ. ಸಭೆಗಳಿಗೆ ಅಧ್ಯಕ್ಷರು ಪ್ರಾಚಾರ್ಯರು.

ಮಹಿಳಾ ಪ್ರತಿನಿಧಿ ಜೈತುನಬಿ ಎರಡನೆಯ ವರ್ಷದವಳು. ಊರು ಲಕ್ಷ್ಮೇಶ್ವರದ ದಾರಿಯ ಮಾಗಡಿ. ಅವಳ ಅಪ್ಪ ಇಮಾಮಸಾಬರು ಅಲ್ಲಿ ಕೆರೆಯ ಕೆಳಗಿನ ನಾಲ್ಕು ಎಕರೆಯಲ್ಲಿ ಶೇಂಗಾ, ಕಡಲೆ ಬೆಳೆಯುತ್ತಿದ್ದರು. ಅವರ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ ಅವಳು. ದಿನಾಲೂ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುತ್ತಿದ್ದಳು. ತೆಳ್ಳಗೆ, ಎತ್ತರಕ್ಕೆ ಇದ್ದಳು. ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡಿಯೇ ಮಾತಾಡುತ್ತಿದ್ದಳು. ಆಗಿನ ಹುಡುಗಿಯರಲ್ಲಿ ಅದು ಕಡಿಮೆ.

ಜುಲೈನ ಮೊದಲ ಸಭೆ ಒಂದು ಶನಿವಾರ, ಅರ್ಧ ದಿನದ ಕಾಲೇಜು ಮುಗಿದ ಮೇಲೆ ನಡೆಯಿತು; ಅದರಲ್ಲಿ ಅವಳು ಎತ್ತಿದ ವಿಷಯ ಬಸ್ಸಿನದು. ಕೊನೆಯ ತಾಸು ಮುಗಿಯುವುದು ನಾಲ್ಕೂವರೆಗೆ. ಲಕ್ಷ್ಮೇಶ್ವರದ ಬಸ್ ಹೊರಡುವುದು ನಾಲ್ಕೂ ಕಾಲಿಗೆ. ಅದರ ನಂತರದ್ದು ಏಳಕ್ಕೆ, ಊರು ಮುಟ್ಟುವಾಗ ಕತ್ತಲು. ಆ ದಾರಿಯ ಹುಡುಗಿಯರೆಲ್ಲ ಕೊನೆಯ ತಾಸು ಬಿಟ್ಟು ಓಡುತ್ತಿದ್ದರು. ವರ್ಷದ ಕೊನೆಗೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗುತ್ತಿರಲಿಲ್ಲ.

"ಧಾರವಾಡಕ್ಕ ಬರೆಯೂಣು, ಪ್ರಾಚಾರ್ಯರ ಮೂಲಕ" ಎಂದ ಪ್ರಕಾಶ.

"ಧಾರವಾಡ ಯಾಕ್ರಿ ಪ್ರಕಾಶಣ್ಣಾರ?" ಎಂದಳು ಜೈತುನ. "ಸಾಹೇಬ್ರು ಈಗ ಇಲ್ಲೇ ಬಂದು ಕುಂತಾರಲ್ರಿ."

ಎಲ್ಲರೂ ನಕ್ಕರು. ಪ್ರಾಚಾರ್ಯರೂ ನಕ್ಕು, ಅರ್ಜಿ ಬರೆದುಕೊಡು, ನೋಡೋಣ ಎಂದರು. ಅವಳು ಮರುದಿನವೇ ಬರೆದು ಕೊಟ್ಟಳು. ಅದು ಮೂರು ವಾರ ಅವರ ಮೇಜಿನ ಮೇಲಿನ ಫೈಲಿನಲ್ಲಿತ್ತು. ಅಷ್ಟು ನಾನು ಕಂಡದ್ದು. ಮುಂದಿನದು ಅವಳಿಂದ ಕೇಳಿದ್ದು. ಒಂದು ಮಧ್ಯಾಹ್ನ ಆರು ಹುಡುಗಿಯರು ಸೇರಿ ಇನ್ನೊಂದು ಅರ್ಜಿ ಬರೆದುಕೊಂಡು, ತುಂತುರು ಮಳೆಯಲ್ಲಿ ನಡೆದೇ ಜಿಲ್ಲಾ ಕಚೇರಿಗೆ ಹೋದರು. ಅಲ್ಲಿಯ ಅಧಿಕಾರಿ ಓದಿ, ಅವರನ್ನು ಕೂರಿಸಿ, ಬಸ್ ಡಿಪೊಗೆ ಫೋನ್ ಮಾಡಿದರು. ಮುಂದಿನ ವಾರದಿಂದ ಬಸ್ ನಾಲ್ಕೂಮುಕ್ಕಾಲಿಗೆ ಹೊರಡತೊಡಗಿತು.

ಸುದ್ದಿ ಬರೆದವನು ನಾನು. ಎರಡು ಇಂಚಿನ ಸುದ್ದಿ. ಜೈತುನಬಿಯ ಹೆಸರು, ಊರು, ಬಸ್ಸಿನ ಹಳೆಯ ವೇಳೆ, ಹೊಸ ವೇಳೆ ಎಲ್ಲ ಇದ್ದವು. ಒಂದೂ ತಪ್ಪಿರಲಿಲ್ಲ. ಮರುದಿನ ಪ್ರಾಚಾರ್ಯರು ನನ್ನನ್ನು ಕರೆಸಿದರು. ಪತ್ರಿಕೆ ಅವರ ಮುಂದೆ ಮಡಚಿಟ್ಟಿತ್ತು. ಅವರು ದನಿ ಏರಿಸಿದ್ದನ್ನು ನಾನು ಮೂರು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ, ಅವತ್ತೂ ಏರಿಸಲಿಲ್ಲ.

"ಸುದ್ದಿ ಛಲೋ ಬರದೀಯಪಾ. ಅರ್ಜಿ ಯಾರ ಮೂಲಕ ಹೋತು ಅನ್ನೂದಷ್ಟ ಇದರಾಗಿಲ್ಲ."

"ಯಾರ ಮೂಲಕಾನೂ ಹೋಗಿಲ್ರಿ ಸರ್."

"ಅದನ್ನ ನಾನೂ ಹೇಳಾಕತ್ತಿದ್ದು" ಎಂದು ಪತ್ರಿಕೆಯನ್ನು ನನ್ನ ಕಡೆ ಸರಿಸಿದರು.

ಅಲ್ಲಿಂದಾಚೆ ನಡೆದದ್ದನ್ನು ಯಾರೋ ಕೂತು ಹೂಡಿದ ಸಂಚು ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಮೂರು ಸಭೆಗಳಾದವು. ನಮ್ಮ ಕಾಲೇಜಿನಲ್ಲಿ ಸಭೆಯ ಸೂಚನೆಗೆ ಒಂದು ಹಳೆಯ ರೂಢಿ ಇತ್ತು. ಸಿಪಾಯಿ ಒಂದು ಉದ್ದನೆಯ ಪುಸ್ತಕ ಹಿಡಿದು ತರಗತಿಯಿಂದ ತರಗತಿಗೆ ಬರುತ್ತಿದ್ದ. ಅದರಲ್ಲಿ ದಿನಾಂಕ ಇರುತ್ತಿತ್ತು, ವಿಷಯ ಇರುತ್ತಿತ್ತು. ವೇಳೆಯ ಜಾಗದಲ್ಲಿ ಮಾತ್ರ 'ಪ್ರಾಚಾರ್ಯರ ಅನುಕೂಲದ ವೇಳೆಗೆ' ಎಂದು ಇರುತ್ತಿತ್ತು. ನಮಗಿಂತ ಹಿಂದಿನವರೂ ಹಾಗೇ ಬರೆಯುತ್ತಿದ್ದರು. ಸದಸ್ಯರು ಅದರ ಕೆಳಗೆ 'ನೋಡಿದೆ' ಎಂದು ಸಹಿ ಹಾಕಬೇಕು. ಪ್ರಾಚಾರ್ಯರಿಗೆ ಅನುಕೂಲವಾಗುವುದು ಕೊನೆಯ ಪಾಠ ಮುಗಿಸಿ, ಚಹಾ ಕುಡಿದು, ಟಪಾಲು ನೋಡಿದ ಮೇಲೆ. ಅಂದರೆ ಐದು ದಾಟಿದ ಮೇಲೆ.

ಜೈತುನ ಮೂರು ಸಲವೂ 'ನೋಡಿದೆ' ಎಂದು ಸಹಿ ಹಾಕಿದ್ದಳು. ಮೂರು ಸಲವೂ ನಾಲ್ಕೂವರೆಗೆ ಬಂದು ಪ್ರಾಚಾರ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಇದು ನಾನು ಕಂಡದ್ದು. ಗೋಡೆಯ ಗಡಿಯಾರ ನೋಡುವಳು, ಮುಚ್ಚಿದ ಬಾಗಿಲು ನೋಡುವಳು, ನಾಲ್ಕು ನಲವತ್ತಾಗುತ್ತಲೇ ಎದ್ದು ನಿಲ್ದಾಣದ ಕಡೆ ಓಡುವಳು. ಅಕ್ಟೋಬರಿನಲ್ಲಿ ಹೋಗುವಾಗ ನನಗೆ ಕೈಸನ್ನೆಯಲ್ಲೇ 'ಹೊಂಟೆ' ಎಂದು ಹೇಳಿ ಹೋಗಿದ್ದಳು. ಒಳಗೆ ಸಭೆ ಶುರುವಾದ ಮೇಲೆ ನಾನು ಹಾಜರಿ ಬರೆಯುತ್ತಿದ್ದೆ. ಅವಳ ಹೆಸರಿನ ಮುಂದೆ ಮೂರೂ ಸಲ 'ಗೈರು' ಎಂದು ಬರೆದೆ. ಸಭೆ ನಡೆಯುವಾಗ ಅವಳು ಇರಲಿಲ್ಲ. ಬರೆದದ್ದು ಸರಿಯೇ ಇತ್ತು.

ಡಿಸೆಂಬರಿನ ಸೂಚನಾ ಪುಸ್ತಕದಲ್ಲಿ ಮೂರನೆಯ ವಿಷಯ ಹೀಗಿತ್ತು: ಸತತ ಮೂರು ಸಭೆಗಳಿಗೆ ಗೈರಾದ ಕಾರಣ ಮಹಿಳಾ ಪ್ರತಿನಿಧಿಯನ್ನು ಹುದ್ದೆಯಿಂದ ತೆಗೆಯುವ ಬಗ್ಗೆ. ಕೈಬರಹ ಪ್ರಕಾಶನದು. ಕ್ಯಾಂಟೀನಿನಲ್ಲಿ ಅವನನ್ನು ಹಿಡಿದೆ.

"ಏನಲೇ ಇದು?"

"ನಿಯಮ ಪುಸ್ತಕದಾಗ ಐತೆಪಾ. ಸರ್ ತಗದು ತೋರಿಸಿದ್ರು. ಬರಿ ಅಂದ್ರು, ಬರದೆ."

"ಆಕಿ ಹೊರಗ ಕುಂತಿದ್ದು ನೀ ನೋಡಿಲ್ಲ?"

"ನೋಡೀನಿ. ನೀನೂ ನೋಡಿದೀ. ಆದ್ರ ಗೈರು ಅಂತ ಬರದಾಂವ ನಾನಲ್ಲ" ಎಂದು ಅವನು ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟ. ಆಮೇಲೆ, "ಫೆಬ್ರುವರ್ಯಾಗ ವಾರ್ಷಿಕ ಸಮಾರಂಭ ಐತಿ. ಸರ್ ಸಹಿ ಇಲ್ದ ಒಂದು ಪೆಂಡಾಲೂ ಏಳೂದಿಲ್ಲ. ನಾ ಏನ್ ಮಾಡ್ಲಿ ಹೇಳು" ಎಂದ.

ಎರಡು ದಿನದ ಮೇಲೆ ಜೈತುನ ಗ್ರಂಥಾಲಯದ ಪಡಸಾಲೆಯಲ್ಲಿ ನನ್ನನ್ನು ತಡೆದಳು.

"ಹುದ್ದೆ ಹೋದ್ರ ಹೋಗ್ಲಿ ಬಿಡ್ರಿ ಅಣ್ಣಾರ. ಅದೇನು ನಮ್ಮ ಹೊಲಾ ಅಲ್ಲ. ಆದ್ರ ನಮ್ಮೂರಾಗ ಏನಂತಾರ ಗೊತ್ತೈತೇನ್ರಿ? ಹುಡುಗೀನ್ನ ತಗದಾರಂದ್ರ ಏನೋ ಮಾಡ್ಯಾಳ ಅಂತಾರ. ಏನ್ ಮಾಡ್ಯಾಳ ಅಂತ ಯಾರೂ ಕೇಳೂದಿಲ್ಲ, ಅವರವರ ತಿಳಿದಂಗ ತಿಳ್ಕೊಂತಾರ. ನಮ್ಮಪ್ಪ ಮರುದಿನಾನ ಕಾಲೇಜು ಬಿಡಸ್ತಾನ."

"ಸಭಿಗೆ ಬಂದು ಹೇಳು."

"ಬರ್ತೀನಿ. ಆ ದಿನ ಅಪ್ಪನ್ನ ಕರಕೊಂಡು ಬರ್ತೀನಿ, ಹೊಳ್ಳಿ ಹೋಗಾಕ ಗಾಡಿ ಬೇಕಲ್ರಿ. ನೀವು ಒಂದ ಹೇಳ್ರಿ, ಸಾಕು. ಮೂರೂ ಸಭಿ ಎಷ್ಟಕ್ಕ ಚಾಲೂ ಆದ್ವು ಅನ್ನೂದು."

ಅವತ್ತು ಬೆಳಿಗ್ಗೆಯೇ ನಾನು ಸಂಪಾದಕರಿಗೆ ವಿಷಯ ಹೇಳಿದ್ದೆ. ಅವರು ಕರಡಿನಿಂದ ಕಣ್ಣು ಎತ್ತದೆ, "ನೀ ಬರದ ಪುಸ್ತಕದಾಗ ವೇಳೆ ಐತೇನು?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾರ ನೀ ಬರದಿದ್ದು ಅರ್ಧಾ ಸುದ್ದಿ" ಎಂದು ಮುಂದಿನ ಕಾಲಂಗೆ ಹೋದರು.

ಸಭೆಯ ದಿನ ಇಮಾಮಸಾಬರು ಯಾರದೋ ಎಮ್-ಎಯ್ಟಿ ಗಾಡಿ ಕೇಳಿಕೊಂಡು ಬಂದಿದ್ದರು. ತಲೆಗೆ ಬಿಳಿಯ ರುಮಾಲು, ಮೊಣಕಾಲಿನವರೆಗೂ ಧೂಳು. ಮಗಳು ಕೂತು ಕಾಯುತ್ತಿದ್ದ ಅದೇ ಬೆಂಚಿನ ಮೇಲೆ ಅವರು ಕೂತರು. ಚಳಿಗಾಲವಾದರೂ ಒಳಗೆ ಸೆಕೆಯೆಂದು ಬಾಗಿಲು ತೆರೆದೇ ಇತ್ತು. ಐದು ಗಂಟೆ ಹನ್ನೆರಡು ನಿಮಿಷಕ್ಕೆ ಪ್ರಾಚಾರ್ಯರು ಬಂದು ಕೂತರು.

ಪ್ರಕಾಶ ಮೂರನೆಯ ವಿಷಯವನ್ನು ಓದಿದ. ಆ ದೊಡ್ಡ ಗಂಟಲನ್ನು ಎಷ್ಟು ಸಣ್ಣದು ಮಾಡಬಹುದೋ ಅಷ್ಟು ಮಾಡಿ ಓದಿದ. ಜೈತುನ ಎದ್ದು ನಿಂತಳು.

"ಸರ್, ನಾ ಮೂರು ಸಭಿಗೂ ಬಂದಿದ್ದೆ. ಸಭಿ ಬಂದಿರಲಿಲ್ಲ."

ಯಾರೋ ಕಿಸಕ್ಕೆಂದರು. ಪ್ರಾಚಾರ್ಯರು ನಗಲಿಲ್ಲ. "ಪುಸ್ತಕದಾಗ ಗೈರು ಅಂತ ಐತೆವ್ವ."

"ಎಷ್ಟಕ್ಕ ಗೈರು ಅಂತ ಐತೇನ್ರಿ? ಇವರನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದು, ಮೂರೂ ಸಭೆಗಳು ಐದರ ನಂತರ ಶುರುವಾದವು, ಲಕ್ಷ್ಮೇಶ್ವರದ ಬಸ್ ಹೊರಡುವುದು ನಾಲ್ಕೂಮುಕ್ಕಾಲಿಗೆ, ಅಲ್ಲಿಯವರೆಗೆ ಅವಳು ಹೊರಗೆ ಕೂತದ್ದನ್ನು ನಾನು ನೋಡಿದ್ದೇನೆ ಎಂದು ಹೇಳಿದೆ. ಕೂತೆ.

"ಹೇಳಿದ್ದು ಕೇಳಿದ್ವಿ" ಎಂದರು ಪ್ರಾಚಾರ್ಯರು. "ಆದ್ರ ಒಂದು ಸಂಸ್ಥಾ ನಡಿಯೂದು ಪುಸ್ತಕದ ಮ್ಯಾಲೆ. ಪರವಾಗಿ ಇರೋರು ಕೈ ಎತ್ರಿ."

ನಾಲ್ಕು ಕೈ ಎದ್ದವು; ಪ್ರಕಾಶನದು ಕೊನೆಗೆ ಎದ್ದಿತು. ವಿರೋಧಕ್ಕೆ ಮೂರು ಎದ್ದವು. ಅವಳ ವಿಷಯವೇ ಆದ್ದರಿಂದ ಅವಳಿಗೆ ಮತವಿರಲಿಲ್ಲ. ಉಳಿದವನು ನಾನು. ಸಮ ಬಂದರೆ ಠರಾವು ಬಿದ್ದಂತೆ ಎಂದು ಅದೇ ನಿಯಮ ಪುಸ್ತಕ ಹೇಳುತ್ತಿತ್ತು. ಅದು ನನಗೆ ಗೊತ್ತಿತ್ತು. ಬರೆಯುವವನು ಯಾವ ಕಡೆಗೂ ಸೇರಬಾರದು ಎಂದು ನಾನು ಆ ಹೊತ್ತಿಗೆ ನಂಬಿದ್ದೆ. ಹೇಳಬೇಕಾದ್ದನ್ನು ಹೇಳಿದ್ದೇನೆ, ಇನ್ನು ನನ್ನ ಕೆಲಸ ಬರೆಯುವುದು ಎಂದುಕೊಂಡೆ. ಪ್ರಾಚಾರ್ಯರು ನನ್ನ ಕಡೆ ಒಮ್ಮೆ ನೋಡಿದರು. ನಾನು ಲೇಖನಿ ಹಿಡಿದುಕೊಂಡೇ ಇದ್ದೆ.

ಠರಾವು ಪಾಸಾಯಿತು. 'ತೆಗೆದುಹಾಕಲಾಗಿದೆ' ಎಂದು ಪ್ರಾಚಾರ್ಯರು ಸ್ಪಷ್ಟವಾಗಿ ಹೇಳಿ ಬರೆಯಿಸಿದರು. ತೆರೆದ ಬಾಗಿಲಿನಿಂದ ಇಮಾಮಸಾಬರು ಒಳಗೆ ನೋಡುತ್ತಿದ್ದರು. ಮಗಳ ಎದುರಿಗೆ ಗಂಡುಹುಡುಗರು ಕೈ ಎತ್ತಿದ್ದನ್ನೂ ಅವರು ಕಂಡಿದ್ದರು.

ಜೈತುನ ಅಳಲಿಲ್ಲ. "ಬರ್ಕೊಳ್ರಿ ಅಣ್ಣಾರ" ಎಂದಳು. "ನೀವು ಈಗ ಹೇಳಿದ್ದನ್ನೂ ಬರ್ಕೊಳ್ರಿ. ವೇಳೆ ಸಮೇತ."

ನಾನು ಬರೆದೆ. ಈ ಸಭೆ ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಆರಂಭವಾಯಿತು. ಹಿಂದಿನ ಮೂರು ಸಭೆಗಳು ಐದರ ನಂತರ, ಸದಸ್ಯೆಯ ಊರಿನ ಬಸ್ ಹೋದ ಮೇಲೆ ಆರಂಭವಾಗಿದ್ದವು. ಅಲ್ಲಿಯವರೆಗೆ ಸದಸ್ಯೆ ಹೊರಗೆ ಕಾದಿದ್ದರೆಂದು ಜಂಟಿ ಕಾರ್ಯದರ್ಶಿ ಸಭೆಗೆ ತಿಳಿಸಿದರು. ಪರ ನಾಲ್ಕು, ವಿರೋಧ ಮೂರು, ತಟಸ್ಥ ಒಂದು. ಪ್ರಾಚಾರ್ಯರು ಸಹಿಗಾಗಿ ಪುಸ್ತಕ ಎಳೆದುಕೊಂಡು ಪೂರ್ತಿ ಓದಿದರು. ಬಹಳ ಹೊತ್ತು ಓದಿದರು. ಸಭೆಯಲ್ಲಿ ಆಡಿದ ಮಾತನ್ನು ಹೊಡೆದುಹಾಕು ಎನ್ನುವ ಮನುಷ್ಯ ಅವರಾಗಿರಲಿಲ್ಲ. ಸಹಿ ಹಾಕಿ, ಪೆನ್ನಿನ ಟೊಪ್ಪಿಗೆ ಹಾಕಿ, ಎದ್ದರು.

ಮರುದಿನದಿಂದ ಅವಳು ಬರಲಿಲ್ಲ. ಸೂಚನಾ ಫಲಕದಲ್ಲಿ ತೆರವಾದ ಸ್ಥಾನಕ್ಕೆ ಅರ್ಜಿ ಕರೆದರು. ಆರು ದಿನವಾದರೂ ಒಬ್ಬ ಹುಡುಗಿಯೂ ಅರ್ಜಿ ಕೊಡಲಿಲ್ಲ. ಪ್ರಕಾಶ ಹುಡುಗಿಯರ ಕೋಣೆಯ ಮುಂದೆ ನಿಂತು ಕೇಳಿದನಂತೆ. "ನಾವು ಆರಿಸಿದಾಕಿನ್ನ ನೀವು ತಗದ್ರಿ, ಈಗ ನೀವ ಆಗ್ರಿ" ಎಂದು ಒಳಗಿನಿಂದ ಯಾರೋ ಅಂದರಂತೆ. ಇದು ಕೇಳಿದ್ದು.

ಶನಿವಾರ ನಾನು ಕಾಲೇಜು ಕಚೇರಿಗೆ ಹೋಗಿ ಆ ದಿನದ ಠರಾವಿನ ನಕಲು ಕೇಳಿದೆ. ಗುಮಾಸ್ತರು ಪ್ರಾಚಾರ್ಯರನ್ನು ಕೇಳಿ ಬಂದು, ಕಾಲೇಜಿನ ಶಿಕ್ಕಾ ಹೊಡೆದು ಕೊಟ್ಟರು. ಭಾನುವಾರ ಬೆಳಗಿನ ಬಸ್ಸಿಗೆ ಮಾಗಡಿಗೆ ಹೋದೆ.

ಕೆರೆ ತುಂಬಿತ್ತು. ದೂರದೇಶದಿಂದ ಬರುವ ಬಾತುಗಳು ನೀರಿನ ಮೇಲೆ ಬೂದು ಬಣ್ಣದ ಕಂಬಳಿ ಹಾಸಿದಂತೆ ಕೂತಿದ್ದವು. ಇಮಾಮಸಾಬರು ಕಡಲೆ ಹೊಲದ ಬದುವಿನ ಮೇಲೆ ಸಿಕ್ಕರು. ಹಕ್ಕಿಗಳು ತಿಂದುಹೋದ ಸಾಲುಗಳನ್ನು ನೋಡುತ್ತ ನಡೆಯುತ್ತಿದ್ದರು. ನನ್ನ ಗುರುತು ಹಿಡಿದರು.

"ಬರ್ರಿ. ಅಕಿನ್ನ ಕರ್ಯಾಕ ಬಂದಿದ್ರ ಬ್ಯಾಡ್ರಿ. ನಾ ಕಣ್ಣಿಲೆ ನೋಡೀನಿ."

"ಕರ್ಯಾಕ ಬಂದಿಲ್ಲ ಕಾಕಾ. ಒಂದು ಕಾಗದ ಓದಿ ಹೋಗಾಕ ಬಂದೀನಿ."

ಮನೆಯ ಕಟ್ಟೆಯ ಮೇಲೆ ಕೂತೆವು. ಜೈತುನ ಬಾಗಿಲಲ್ಲಿ ನಿಂತಳು. ಪಕ್ಕದ ಮನೆಯ ಇಬ್ಬರು ಹಿರಿಯರು ಬಂದು ಕೂತರು; ನನಗೆ ಬೇಕಾದದ್ದೂ ಅದೇ. ನಾನು ನಕಲನ್ನು ಮೊದಲ ಸಾಲಿನಿಂದ ಓದಿದೆ. 'ತೆಗೆದುಹಾಕಲಾಗಿದೆ' ಎಂಬುದನ್ನೂ ಬಿಡಲಿಲ್ಲ. ಬಸ್ಸಿನ ವೇಳೆ, ಸಭೆಗಳ ವೇಳೆ, ಬೆಂಚಿನ ಮೇಲೆ ಕಾದದ್ದು ಎಲ್ಲ ಓದಿದೆ.

ಇಮಾಮಸಾಬರು ನನ್ನ ಕಡೆ ಸರಿದು ಕೂತರು. "ಅಂದ್ರ, ಬಸ್ಸಿಗೆ ಮನಿಗೆ ಬಂದಿದ್ದಕ್ಕ ತಗದಾರ?"

"ಹೌದ್ರಿ."

"ಬಸ್ಸಿಗೆ ಬಾ ಅಂತ ಹೇಳಿದಾಂವ ನಾನು" ಎಂದರು, ಪಕ್ಕದವರ ಕಡೆ ತಿರುಗಿ. ಒಬ್ಬ ಹಿರಿಯರು, "ಹುಡುಗಿ ಹೊತ್ತಿಗೆ ಸರಿ ಮನಿಗೆ ಬಂದಿದ್ದು ತಪ್ಪಂತ ಈಗ ಬರದಾರ ನೋಡ್ರಿ, ಶಿಕ್ಕಾ ಸಮೇತ" ಎಂದು ನಕ್ಕರು. ಇಮಾಮಸಾಬರು ನಗಲಿಲ್ಲ. ಕಾಗದವನ್ನು ಇಸಿದುಕೊಂಡು, ಅಕ್ಷರಗಳ ಮೇಲೆ ಬೆರಳು ಇಟ್ಟು, "ಕಡೀಕ ಏನೋ ಅಂದ್ರಿ, ತಟಸ್ಥ. ಹಂಗಂದ್ರೇನ್ರಿ?" ಎಂದರು.

"ಯಾವ ಕಡೀನೂ ಕೈ ಎತ್ತದಾಂವ."

"ಯಾರಾಂವ?"

"ನಾನು."

ಜೈತುನ ಒಳಗೆ ಹೋದಳು. ಇಮಾಮಸಾಬರು ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. "ಬರ್ಕೋತ ಕುಂತಿದ್ರಿ, ನೋಡೀನಿ. ಕೈ ಕೆಲಸದಾಗಿತ್ತು" ಎಂದರು. ಬೈಗುಳವೋ ಸಮಾಧಾನವೋ ನಾನು ಇವತ್ತಿಗೂ ತೀರ್ಮಾನಿಸಿಲ್ಲ. ಆಮೇಲೆ ಒಳಗಿನವರಿಗೆ ಕೇಳುವಂತೆ, "ರೊಟ್ಟಿ ಹಚ್ಚಕೊಡ್ರಿ ಇವರಿಗೆ. ನಾಳಿ ಸೋಮವಾರ, ಅಕೀಗೂ ಮುಂಜಾನೆ ಡಬ್ಬಿ ಕಟ್ರಿ" ಎಂದರು.

ಸೋಮವಾರ ಬೆಳಿಗ್ಗೆ ಅವಳು ಬಂದಳು. ನನಗೆ ತಲೆಬಾಗಿಸಿದಳು, ಮಾತಾಡಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಪ್ರಕಾಶನೂ ಸಂಘದ ಕೋಣೆಯಲ್ಲಿದ್ದಾಗ ಬಾಗಿಲು ಬಡಿದಳು. ಜೊತೆಗೆ ಮೊದಲ ವರ್ಷದ ರೇಣುಕಾ ಇದ್ದಳು, ಕೈಯಲ್ಲಿ ಅರ್ಜಿ.

"ತಗೋರಿ ಪ್ರಕಾಶಣ್ಣಾರ. ಈಕಿ ನಿಮ್ಮ ಬೆಟಗೇರಿಯಾಕೀನ. ಬಸ್ಸಿನ ಗೊಡವಿ ಇಲ್ಲ. ಎಷ್ಟೊತ್ತಿಗೆ ಬೇಕಾದ್ರ ಸಭಿ ಕರೀರಿ, ನಡಕೋತ ಬರ್ತಾಳ."

ಪ್ರಕಾಶ ಎದ್ದು ನಿಂತು ಎರಡೂ ಕೈಯಿಂದ ಅರ್ಜಿ ತೆಗೆದುಕೊಂಡ. ಏನೋ ಹೇಳಲು ಹೋದ. ಆ ಗಂಟಲು ಅವತ್ತು ಹೊರಡಲಿಲ್ಲ. ಇಬ್ಬರೂ ಪಡಸಾಲೆಗೆ ಇಳಿದರು. ರೇಣುಕಾ ಅಂಜುತ್ತ ಕೇಳುವುದು ನಮಗೆ ಕೇಳಿಸಿತು.

"ಅಲ್ಲಿ ಹೋಗಿ ನಾ ಏನ್ ಮಾತಾಡ್ಲೆ ಅಕ್ಕಾ?"

"ಮೊದಲ ಗಡಿಯಾರ ನೋಡು" ಎಂದಳು ಜೈತುನ. "ಅದನ್ನ ಅವರ ಕೈಲೆ ಬರಸು. ಮಾತು ಆಮ್ಯಾಲೆ."